ಕಾಡಿನ ಹೋಟೆಲಿನ ಹಿಂಬಾಗಿಲು



ವನ್ಯಜೀವಿಗಳನ್ನು ಕುರಿತ ಕಾರ್ಯಕ್ರಮವೊಂದನ್ನು ದೂರದರ್ಶನದಲ್ಲಿ ನೋಡುವಾಗ ನಿಮಗೆ ಕಾಣುವುದೇನು? ವಿಶಾಲವಾದ ಹುಲ್ಲುಗಾವಲು, ಅದರ ನಡುವೆ ಮೇಯುತ್ತಿರುವ ಹಿಂಡು, ಹಿನ್ನೆಲೆಯಲ್ಲಿ ಹಿಮ ಹೊದ್ದ ಬೆಟ್ಟ. ಮನುಷ್ಯನ ಸುಳಿವೇ ಇಲ್ಲ. ಇಂತಹ ಚಿತ್ರಗಳನ್ನು ಆರಿಸಿ ಜೋಡಿಸುವುದೇ ನನ್ನ ಕಸುಬು. ಹೀಗಾಗಿ ಚೌಕಟ್ಟಿನ ಹೊರಗೆ ಏನನ್ನು ಬಿಟ್ಟಿರುತ್ತೇವೆ ಎಂಬುದೂ ನನಗೆ ಗೊತ್ತು. ಕ್ಯಾಮೆರಾವನ್ನು ಒಂದಿಷ್ಟು ಪಕ್ಕಕ್ಕೆ ಹೊರಳಿಸಿದರೆ ಸಾಕು, ರಸ್ತೆ ಕಾಣುತ್ತದೆ, ಬಸ್ಸು ಕಾಣುತ್ತದೆ, ಹೋಟೆಲು ಕಾಣುತ್ತದೆ. ಆ ಹೋಟೆಲಿನ ಹಿಂಬಾಗಿಲಲ್ಲಿ ಏಪ್ರನ್ ಕಟ್ಟಿಕೊಂಡು ಎಂಜಲು ತಟ್ಟೆಗಳ ರಾಶಿ ಹೊತ್ತ ಹುಡುಗನೊಬ್ಬನೂ ಕಾಣುತ್ತಾನೆ. ಇಂದು ಆ ಹುಡುಗನ ದಿನಚರಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಸ್ಥಳ, ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ. 1872ರ ಮಾರ್ಚ್ 1ರಂದು ಸ್ಥಾಪನೆಯಾದ ಇದು ಜಗತ್ತಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನವೆಂದು ಹೆಸರಾಗಿದೆ. ವಿಸ್ತೀರ್ಣ ಸುಮಾರು 8,983 ಚದರ ಕಿಲೋಮೀಟರು. ಅಂದರೆ ನಮ್ಮ ಇಡೀ ಮೈಸೂರು ಜಿಲ್ಲೆಗಿಂತ ದೊಡ್ಡದು. ಆರು ಲಕ್ಷಕ್ಕೂ ಹೆಚ್ಚು ವರ್ಷಗಳ ಹಿಂದೆ ಇಲ್ಲಿ ಭಾರಿ ಜ್ವಾಲಾಮುಖಿಯೊಂದು ಸ್ಫೋಟಗೊಂಡು ನೆಲ ಕುಸಿಯಿತು. ಅದರ ಕಾವು ಇಂದಿಗೂ ನೆಲದಡಿಯಲ್ಲಿ ಉಳಿದಿದೆ. ಕುದಿಯುವ ಕೊಳ, ಕೊತಕೊತ ಎನ್ನುವ ಕೆಸರು, ಉಗಿಯ ಕಂಡಿ, ಗೀಸರ್ ಎಲ್ಲ ಸೇರಿ ಇಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬಿಸಿನೀರಿನ ತಾಣಗಳಿವೆ. ಗೀಸರ್ ಎಂದೊಡನೆ ನಿಮಗೆ ಬಚ್ಚಲುಮನೆಯ ನೀರು ಕಾಯಿಸುವ ಯಂತ್ರ ನೆನಪಾದೀತು. ಆ ಹೆಸರು ಬಂದದ್ದೇ ನೆಲದಿಂದ ಚಿಮ್ಮುವ ಇಂತಹ ಬಿಸಿನೀರಿನ ಬುಗ್ಗೆಯಿಂದ. ಮೂಲ ಪದ ಐಸ್‌ಲೆಂಡಿನದು.

ಈ ಬುಗ್ಗೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 'ಓಲ್ಡ್ ಫೇತ್‌ಫುಲ್'. ಅದರ ಎದುರಿಗೇ ನಿಂತಿದೆ 'ಓಲ್ಡ್ ಫೇತ್‌ಫುಲ್ ಇನ್' ಎಂಬ ಹೋಟೆಲು. ರಾಬರ್ಟ್ ರೀಮರ್ ಎಂಬ ತರುಣ ವಾಸ್ತುಶಿಲ್ಪಿ ಸುತ್ತಮುತ್ತಲ ಕಾಡಿನ ಪೈನ್ ದಿಮ್ಮಿಗಳನ್ನೂ ಜ್ವಾಲಾಮುಖಿಯ ಕಲ್ಲನ್ನೂ ಬಳಸಿ ಕಟ್ಟಿಸಿದ ಈ ಕಟ್ಟಡ 1904ರಲ್ಲಿ ಬಾಗಿಲು ತೆರೆಯಿತು. ಮುಂದಿನ ಹಜಾರದ ಎತ್ತರವೇ ಸುಮಾರು 23 ಮೀಟರು. ಮುನ್ನೂರಕ್ಕೂ ಹೆಚ್ಚು ಕೋಣೆಗಳು. ಆ ಕೋಣೆಗಳಲ್ಲಿ ಟೆಲಿವಿಷನ್ ಇಲ್ಲ ಎಂಬುದನ್ನು ಟೆಲಿವಿಷನ್ನಿನವನಾದ ನಾನೇ ಸಂತೋಷದಿಂದ ಹೇಳುತ್ತಿದ್ದೇನೆ.

ಈ ಹೋಟೆಲು ವರ್ಷವಿಡೀ ತೆರೆದಿರುವುದಿಲ್ಲ. ಮೇ ತಿಂಗಳಲ್ಲಿ ತೆರೆದು ಅಕ್ಟೋಬರಿನಲ್ಲಿ ಮುಚ್ಚುತ್ತದೆ. ಉಳಿದ ತಿಂಗಳುಗಳು ಹಿಮದ್ದು. ಆದರೆ ವರ್ಷಕ್ಕೆ ನಲವತ್ತು ಲಕ್ಷಕ್ಕೂ ಮೀರಿ ಬರುವ ಪ್ರವಾಸಿಗಳಲ್ಲಿ ಬಹುಪಾಲು ಜನ ಈ ಕೆಲವೇ ತಿಂಗಳುಗಳಲ್ಲಿ ಬಂದು ಮುತ್ತುತ್ತಾರೆ. ಉದ್ಯಾನದೊಳಗೆ ಒಂಬತ್ತು ವಸತಿಗೃಹಗಳಿವೆ, ಅವುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೋಣೆಗಳು. ಇಷ್ಟನ್ನೂ ನಡೆಸಲು, ಜನ ಕಿಕ್ಕಿರಿದ ದಿನಗಳಲ್ಲಿ, ಸುಮಾರು ಮೂರು ಸಾವಿರ ಕೆಲಸಗಾರರು ಬೇಕು. ಇವರು ಸರ್ಕಾರದ ನೌಕರರಲ್ಲ. ಉದ್ಯಾನವನ್ನು ಕಾಯುವವರು ಸರ್ಕಾರದ ರೇಂಜರುಗಳು. ಹೋಟೆಲು, ಅಂಗಡಿ ನಡೆಸುವುದು ಗುತ್ತಿಗೆ ಹಿಡಿದ ಕಂಪನಿಗಳು. ಕಾಲೇಜಿನ ರಜೆಯಲ್ಲಿ ಬಂದ ವಿದ್ಯಾರ್ಥಿಗಳು, ನಿವೃತ್ತರಾಗಿ ಮೊಮ್ಮಕ್ಕಳನ್ನು ಕಂಡ ಅಜ್ಜ-ಅಜ್ಜಿಯರು, ತಾತ್ಕಾಲಿಕ ವೀಸಾ ಪಡೆದು ಬಂದ ಹೊರದೇಶದ ತರುಣರು ಎಲ್ಲರೂ ಇಲ್ಲಿ ಸಹೋದ್ಯೋಗಿಗಳು. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಜೊತೆಗೆ ಅವರವರ ಊರೂ ಇರುತ್ತದೆ.

ಇಂಥವರ ಒಂದು ದಿನ ಹೇಗಿರುತ್ತದೆ, ನೋಡೋಣ.

ಬೆಳಗಿನ ಜಾವ. ಜುಲೈ ತಿಂಗಳಾದರೂ ಗಡಗಡ ನಡುಗಿಸುವ ಚಳಿ. ಏಕೆಂದರೆ ಈ ಜಾಗ ಸಮುದ್ರಮಟ್ಟದಿಂದ ಸುಮಾರು 2,240 ಮೀಟರು ಎತ್ತರದಲ್ಲಿದೆ. ನಮ್ಮ ನಾಡಿನ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೂ ಇಷ್ಟು ಎತ್ತರವಿಲ್ಲ. ಕೆಲಸಗಾರರ ವಸತಿನಿಲಯದಲ್ಲಿ ಒಂದು ಕೋಣೆಗೆ ಇಬ್ಬರು. ಸ್ನಾನದ ಮನೆ ಎಲ್ಲರಿಗೂ ಸಾಮಾನ್ಯ. ಊಟಕ್ಕೆ ಪ್ರತ್ಯೇಕ ಮೆಸ್ಸು. ವಸತಿಗೂ ಊಟಕ್ಕೂ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಸಂಬಳವೋ ಗಂಟೆಯ ಲೆಕ್ಕದ್ದು, ದೊಡ್ಡದೇನಲ್ಲ. ಹಣ ಕೂಡಿಡಲೆಂದೇ ಬಂದವರಿಗೆ ಮೊದಲ ವಾರವೇ ನಿರಾಸೆಯಾಗುವುದುಂಟು.

ಅಡುಗೆಮನೆಗೆ ಹೋದವನಿಗೆ ಮೊದಲ ಪಾಠ ಭೌತವಿಜ್ಞಾನದ್ದು. ಈ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ಹೀಗಾಗಿ ನೀರು 100 ಡಿಗ್ರಿಯವರೆಗೆ ಕಾಯದೆ ಸುಮಾರು 93 ಡಿಗ್ರಿಯಲ್ಲೇ ಕುದಿಯತೊಡಗುತ್ತದೆ. ನೀರು ಕುದಿಯುತ್ತಿದೆಯಲ್ಲ ಎಂದು ಕಾಳು ಬೆಂದಿದೆ ಎಂದುಕೊಂಡರೆ ಕೆಟ್ಟಿತು. ಏಳು ಡಿಗ್ರಿ ಕಡಿಮೆಯಾದ್ದರಿಂದ ಬೇಯಲು ಹೆಚ್ಚು ಹೊತ್ತು ಬೇಕು. ನೀವು ಪಠ್ಯಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆಯುವ ಉತ್ತರ ಅಲ್ಲಿ ನೂರಾರು ಜನರ ಊಟದ ಪ್ರಶ್ನೆ.

ಕೋಣೆ ಚೊಕ್ಕಟ ಮಾಡುವವರ ಕೆಲಸ ಅತಿ ಶ್ರಮದ್ದು. ಹಾಸಿಗೆಯ ಮೇಲುಹೊದಿಕೆ ತೆಗೆ, ಹೊಸದನ್ನು ಸುಕ್ಕಿಲ್ಲದಂತೆ ಹಾಸು, ಬಚ್ಚಲು ತಿಕ್ಕು, ಟವಲು ಎಣಿಸು, ಮುಂದಿನ ಕೋಣೆಗೆ ನಡೆ. ಹನ್ನೊಂದು ಗಂಟೆಗೆ ಖಾಲಿಯಾದ ಕೋಣೆಗೆ ಸಂಜೆಯೊಳಗೆ ಹೊಸ ಅತಿಥಿ ಬರಬೇಕು. ಮೊದಮೊದಲು ಬೆನ್ನು ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ತಾನು ಮಲಗಿದ್ದ ಹಾಸಿಗೆಯನ್ನೇ ಮಡಿಸದ ಹುಡುಗ ಇಲ್ಲಿ ಪರರ ಹಾಸಿಗೆ ಹಾಸುತ್ತಾನೆ. ಅಮ್ಮ ಇಷ್ಟು ವರ್ಷ ಏನು ಮಾಡುತ್ತಿದ್ದಳೆಂಬುದು ಆಗ ತಿಳಿಯುತ್ತದೆ.

ಸ್ವಾಗತಕಟ್ಟೆಯಲ್ಲಿ ನಿಂತವರಿಗೆ ದಿನಕ್ಕೆ ನೂರು ಸಲ ಎದುರಾಗುವ ಪ್ರಶ್ನೆ ಒಂದೇ: "ಮುಂದಿನ ಬುಗ್ಗೆ ಎಷ್ಟು ಗಂಟೆಗೆ?" ಓಲ್ಡ್ ಫೇತ್‌ಫುಲ್ ಗಡಿಯಾರ ನೋಡಿ ಚಿಮ್ಮುತ್ತದೆ ಎಂಬುದು ಬಹಳ ಜನರ ನಂಬಿಕೆ. ನಿಜ ಅದಕ್ಕಿಂತ ಸ್ವಾರಸ್ಯಕರ. ಎರಡು ಚಿಮ್ಮುವಿಕೆಗಳ ನಡುವಿನ ಅಂತರ ಸಾಮಾನ್ಯವಾಗಿ ಒಂದರಿಂದ ಎರಡು ಗಂಟೆಯೊಳಗೆ ಏರಿಳಿಯುತ್ತದೆ. ಹಿಂದಿನ ಸಲ ಬುಗ್ಗೆ ಎರಡೂವರೆ ನಿಮಿಷಕ್ಕಿಂತ ಕಡಿಮೆ ಹೊತ್ತು ಚಿಮ್ಮಿದ್ದರೆ ನೆಲದಡಿಯ ಕೊಳವೆ ಪೂರ್ತಿ ಬರಿದಾಗಿರುವುದಿಲ್ಲ. ಬೇಗ ತುಂಬಿಕೊಂಡು ಬೇಗ ಚಿಮ್ಮುತ್ತದೆ. ಹೆಚ್ಚು ಹೊತ್ತು ಚಿಮ್ಮಿದ್ದರೆ ಒಂದೂವರೆ ಗಂಟೆಯಷ್ಟು ಕಾಯಬೇಕು. ಇದನ್ನು ಅಳೆದು ಮುಂದಿನ ಸಮಯವನ್ನು ಹತ್ತು ನಿಮಿಷ ಹೆಚ್ಚುಕಡಿಮೆಯ ಮಿತಿಯೊಳಗೆ ಹೇಳುತ್ತಾರೆ. ಇದು ಭವಿಷ್ಯವಾಣಿಯಲ್ಲ, ಗಮನವಿಟ್ಟು ನೋಡಿದ್ದರ ಫಲ.

ಇನ್ನು ಹಿಂಬಾಗಿಲಿಗೆ ಬರೋಣ. ನನ್ನ ದೃಷ್ಟಿಯಲ್ಲಿ ಆ ಹೋಟೆಲಿನ ಅತಿ ಮುಖ್ಯ ಸ್ಥಳ ಇದೇ. ರಾತ್ರಿಯ ಊಟ ಮುಗಿದ ಮೇಲೆ ತಟ್ಟೆಗಳಲ್ಲಿ ಉಳಿದ ಮಾಂಸ, ಬ್ರೆಡ್ಡು, ಸಿಹಿ ಎಲ್ಲವೂ ಹಿಂಬಾಗಿಲಿನಿಂದ ಹೊರಬೀಳುತ್ತವೆ. ಹೊರಗೆ ಕಾಡಿದೆ. ಕಾಡಿನಲ್ಲಿ ಕರಡಿ ಇದೆ. ಮನುಷ್ಯನಿಗಿಂತ ಎಷ್ಟೋ ಪಟ್ಟು ಚುರುಕಾದ ಮೂಗು ಅದರದು.

ಮೊದಲಿನ ಕಾಲದಲ್ಲಿ ಇದನ್ನು ಯಾರೂ ಸಮಸ್ಯೆ ಎಂದುಕೊಂಡಿರಲಿಲ್ಲ. ಹೋಟೆಲುಗಳ ಎಂಜಲನ್ನು ಹತ್ತಿರದ ಗುಂಡಿಗಳಿಗೆ ಸುರಿಯುತ್ತಿದ್ದರು. ಸಂಜೆಯಾದರೆ ಕರಡಿಗಳು ಅಲ್ಲಿಗೆ ಬರುತ್ತಿದ್ದವು. ಅವುಗಳನ್ನು ನೋಡಲು ಜನರೂ ಬರುತ್ತಿದ್ದರು. ಜನರಿಗಾಗಿ ಸಾಲು ಬೆಂಚುಗಳನ್ನೇ ಹಾಕಿಸಿದ್ದರೆಂದರೆ ನಂಬುತ್ತೀರಾ? ಕರಡಿಗಳ ಈ ಸಹಪಂಕ್ತಿ ಭೋಜನದ ಪ್ರದರ್ಶನ 1941ರವರೆಗೆ ನಡೆಯಿತು. ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಕರಡಿಗೆ ತಿಂಡಿ ಕೊಡುವ ಚಾಳಿ ಅದಾದ ಮೇಲೂ ಉಳಿಯಿತು. ಫಲವೇನು? 1931ರಿಂದ 1969ರವರೆಗಿನ ವರ್ಷಗಳಲ್ಲಿ ಕರಡಿಗಳಿಂದ ಗಾಯಗೊಂಡವರ ಸಂಖ್ಯೆ ವರ್ಷಕ್ಕೆ ಸರಾಸರಿ 48. ರುಚಿ ಕಂಡ ಬೆಕ್ಕಿನ ಗಾದೆ ನಮ್ಮಲ್ಲಿದೆ. ಇದು ರುಚಿ ಕಂಡ ಕರಡಿಯ ಕಥೆ.

1970ರಲ್ಲಿ ಉದ್ಯಾನದ ಕೊನೆಯ ತೆರೆದ ಕಸದ ಗುಂಡಿಯನ್ನು ಮುಚ್ಚಿದರು. ನಿರ್ಧಾರ ಸರಿಯಾದುದೇ. ಆದರೆ ತಲೆಮಾರುಗಳಿಂದ ಎಂಜಲಿಗೆ ಒಗ್ಗಿದ್ದ ಕರಡಿಗಳು ಆಹಾರ ಹುಡುಕುತ್ತ ಜನರ ಬಿಡಾರಗಳಿಗೇ ನುಗ್ಗಿದವು. ನುಗ್ಗಿದವುಗಳನ್ನು ಕೊಲ್ಲಬೇಕಾಯಿತು. 1975ರ ಹೊತ್ತಿಗೆ ಯೆಲ್ಲೋಸ್ಟೋನ್ ಪ್ರದೇಶದಲ್ಲಿ ಉಳಿದಿದ್ದ ಗ್ರಿಜ್ಲಿ ಕರಡಿಗಳು ಅಂದಾಜು 136 ಮಾತ್ರ. ಆ ವರ್ಷ ಅವಕ್ಕೆ ಕಾನೂನಿನ ರಕ್ಷಣೆ ದೊರೆಯಿತು. ಕರಡಿಗೆ ತೆರೆಯಲಾಗದಂತಹ ಕಸದ ತೊಟ್ಟಿಗಳು ಬಂದವು. ಊಟ, ತಿಂಡಿ, ಎಂಜಲು ಯಾವುದನ್ನೂ ಹೊರಗೆ ಬಿಡಬಾರದೆಂಬ ನಿಯಮ ಬಿಗಿಯಾಯಿತು. ಇಂದು ಆ ಪ್ರದೇಶದಲ್ಲಿ ಸುಮಾರು ಒಂದು ಸಾವಿರ ಗ್ರಿಜ್ಲಿಗಳಿವೆ. ಉದ್ಯಾನದೊಳಗೆ ಕರಡಿಯಿಂದ ಗಾಯಗೊಳ್ಳುವವರು ಸರಾಸರಿ ವರ್ಷಕ್ಕೆ ಒಬ್ಬರು.

ಈ ಬದಲಾವಣೆಗೆ ವಿಜ್ಞಾನಿಗಳು ಕಾರಣ, ರೇಂಜರುಗಳು ಕಾರಣ. ಅವರಷ್ಟೇ ಕಾರಣರಾದ ಮತ್ತೊಬ್ಬರೂ ಇದ್ದಾರೆ. ರಾತ್ರಿ ಹನ್ನೊಂದಕ್ಕೆ, ನಿದ್ದೆಯಿಂದ ಕಣ್ಣು ಎಳೆಯುತ್ತಿರುವಾಗ, ಕಸದ ತೊಟ್ಟಿಯ ಚಿಲಕ ಬಿದ್ದಿದೆಯೇ ಎಂದು ಎರಡನೆಯ ಸಲ ಎಳೆದು ನೋಡುವ ತಟ್ಟೆ ತೊಳೆಯುವ ಹುಡುಗ. ಅವನ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ. ಅವನು ಒಂದು ರಾತ್ರಿ ಸೋಮಾರಿಯಾದರೆ ಒಂದು ಕರಡಿ ಹಾದಿ ತಪ್ಪುತ್ತದೆ. ಹಾದಿ ತಪ್ಪಿದ ಕರಡಿ ಬಹಳ ದಿನ ಬದುಕುವುದಿಲ್ಲ. ಇದು ಹಳೆಯ ಕಥೆಯೆಂದು ತಿಳಿಯಬೇಡಿ. 2025ರ ಮೇ ತಿಂಗಳಲ್ಲಿ, ಇದೇ ಓಲ್ಡ್ ಫೇತ್‌ಫುಲ್ ಆಸುಪಾಸಿನಲ್ಲಿ, ಭಾರವಾದ ಕಸದ ತೊಟ್ಟಿಗಳನ್ನೇ ಉರುಳಿಸಿ ಎಂಜಲು ತಿನ್ನಲು ಕಲಿತಿದ್ದ ಹನ್ನೊಂದು ವರ್ಷದ ಗಂಡು ಗ್ರಿಜ್ಲಿಯೊಂದನ್ನು ಉದ್ಯಾನದವರೇ ಕೊಲ್ಲಬೇಕಾಗಿ ಬಂತು. ಹಾಗೆ ಕೊಂದದ್ದು 2017ರ ನಂತರ ಅದೇ ಮೊದಲು. ಎಂಟು ವರ್ಷ ಕಾದುಕೊಂಡು ಬಂದ ಎಚ್ಚರ ಎಷ್ಟು ನಾಜೂಕಿನದೆಂಬುದು ಇದರಿಂದ ತಿಳಿಯುತ್ತದೆ.

ಕೋಣೆಯ ಟವಲು ಎಣಿಸುವ ವಿಷಯ ಹೇಳಿದೆನಲ್ಲ, ಅದಕ್ಕೂ ಒಂದು ಕಥೆಯಿದೆ. ಹೋಟೆಲಿನಿಂದ ನಡೆದು ಹೋಗುವಷ್ಟು ದೂರದಲ್ಲಿ 'ಮಾರ್ನಿಂಗ್ ಗ್ಲೋರಿ' ಎಂಬ ಬಿಸಿನೀರಿನ ಕೊಳವಿದೆ. ಒಂದು ಕಾಲಕ್ಕೆ ಅಚ್ಚ ನೀಲಿ. ನೋಡಲು ಬಂದವರು ಹರಕೆಯೆಂಬಂತೆ ನಾಣ್ಯ ಎಸೆದರು, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು. 1950ರಲ್ಲಿ ಕೊಳದ ನೀರಿನ ಮಟ್ಟ ಇಳಿಸಿ ಅದು ಉಕ್ಕುವಂತೆ ಮಾಡಿದಾಗ ರಾಶಿ ನಾಣ್ಯಗಳ ಜೊತೆಗೆ ಕರವಸ್ತ್ರಗಳೂ ಟವಲುಗಳೂ ಹೊರಬಂದವು. ಬಿಸಿನೀರು ಬರುವ ಕಂಡಿ ಕಟ್ಟಿಕೊಂಡಂತೆ ಕೊಳ ತಣ್ಣಗಾಗುತ್ತದೆ. ತಣ್ಣಗಾದಂತೆ ಅಂಚಿನ ಹಳದಿ, ಕಿತ್ತಳೆ ಬಣ್ಣದ ಸೂಕ್ಷ್ಮಜೀವಿಗಳು ಒಳಕ್ಕೆ ಹಬ್ಬುತ್ತವೆ, ನೀಲಿ ಕುಗ್ಗುತ್ತದೆ.

ಈ ಸೂಕ್ಷ್ಮಜೀವಿಗಳನ್ನು ಕಡೆಗಣಿಸುವಂತಿಲ್ಲ. 1966ರಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿಯೂ ಅವರ ಜೊತೆಗಿದ್ದ ಹಡ್ಸನ್ ಫ್ರೀಜ್ ಎಂಬ ವಿದ್ಯಾರ್ಥಿಯೂ ಇಲ್ಲಿನ ಬಿಸಿಬುಗ್ಗೆಯೊಂದರಿಂದ 'ಥರ್ಮಸ್ ಅಕ್ವಾಟಿಕಸ್' ಎಂಬ ಬ್ಯಾಕ್ಟೀರಿಯಾವನ್ನು ಸಂಗ್ರಹಿಸಿದರು. ಕಾವಿಗೆ ಕೆಡದ ಅದರ ಕಿಣ್ವವೇ ಮುಂದೆ ಡಿ.ಎನ್.ಎ.ಯನ್ನು ಲಕ್ಷಾಂತರ ಪಟ್ಟು ಹೆಚ್ಚಿಸುವ ಪಿ.ಸಿ.ಆರ್. ವಿಧಾನಕ್ಕೆ ಆಧಾರವಾಯಿತು. 2020ರಲ್ಲಿ ಕೊರೊನಾ ಹಬ್ಬಿದಾಗ ನಮ್ಮೂರುಗಳ ಆಸ್ಪತ್ರೆಗಳಲ್ಲೂ ಮೂಗಿನ ದ್ರವ ತೆಗೆದು ಮಾಡಿದ ಪರೀಕ್ಷೆ ಇದೇ ವಿಧಾನದ್ದು. ಆ ಹಡ್ಸನ್ ಫ್ರೀಜ್ ಆಗ ಇನ್ನೂ ಪದವಿ ತರಗತಿಯ ವಿದ್ಯಾರ್ಥಿ ಎಂಬುದನ್ನು ನೆನಪಿಡಿ.

ವಾರಕ್ಕೆ ಎರಡು ದಿನ ಬಿಡುವು. ಬಿಡುವಿನ ದಿನ ಹುಡುಗರು ಕೋಣೆಯಲ್ಲಿ ಕೂರುವುದಿಲ್ಲ. ಬುತ್ತಿ ಕಟ್ಟಿಕೊಂಡು ಕಾಡಿನ ಕಾಲುದಾರಿ ಹಿಡಿಯುತ್ತಾರೆ. ಪ್ರವಾಸಿ ಎರಡು ದಿನದಲ್ಲಿ ನೋಡಿ ಹೋಗುವುದನ್ನು ಇವರು ನಾಲ್ಕು ತಿಂಗಳು ನೋಡುತ್ತಾರೆ. ಮೇ ತಿಂಗಳಲ್ಲಿ ಕೆಂಚು ಬಣ್ಣದ ಬೈಸನ್ ಕರುಗಳು, ಜುಲೈನಲ್ಲಿ ಹೂ, ಸೆಪ್ಟೆಂಬರಿನಲ್ಲಿ ಎಲ್ಕ್ ಜಿಂಕೆಗಳ ಕೂಗು. ನಮ್ಮ ಕಾಟಿಯನ್ನು ಇಂಡಿಯನ್ ಬೈಸನ್ ಎಂದು ಕರೆಯುವ ರೂಢಿಯಿದ್ದರೂ ಅಲ್ಲಿನ ಬೈಸನ್ ಬೇರೆಯೇ ಪ್ರಾಣಿ. ಮೇಯುವಾಗ ಸಾಧುವಾಗಿ ಕಾಣುವ ಇದು ಮನುಷ್ಯನಿಗಿಂತ ಮೂರು ಪಟ್ಟು ವೇಗವಾಗಿ ಓಡಬಲ್ಲದು. ಯೆಲ್ಲೋಸ್ಟೋನಿನಲ್ಲಿ ಕರಡಿಗಿಂತ ಹೆಚ್ಚು ಜನರನ್ನು ಗಾಯಗೊಳಿಸಿರುವುದು ಬೈಸನ್ನೇ. ಬೈಸನ್‌ನಿಂದ ಕನಿಷ್ಠ 23 ಮೀಟರು, ಕರಡಿ ಮತ್ತು ತೋಳದಿಂದ 91 ಮೀಟರು ದೂರವಿರಬೇಕೆಂಬುದು ಅಲ್ಲಿನ ನಿಯಮ. ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ವಸತಿನಿಲಯದ ಬಾಗಿಲಲ್ಲೇ ಬೈಸನ್ ನಿಂತಿದ್ದರೆ ಅದು ಜಾಗ ಬಿಡುವ ತನಕ ಕಾಯಬೇಕು. ಮೇಲ್ವಿಚಾರಕರೂ ಆ ತಡವನ್ನು ಒಪ್ಪಿಕೊಳ್ಳುತ್ತಾರೆ.

ಪ್ರೀತಿಯೂ ಕೊಲ್ಲಬಲ್ಲದು ಎಂಬುದಕ್ಕೆ 2023ರ ಮೇ ತಿಂಗಳ ಘಟನೆ ಸಾಕ್ಷಿ. ಹೊಳೆ ದಾಟುವಾಗ ಹಿಂದುಳಿದ ಬೈಸನ್ ಕರುವೊಂದನ್ನು ಪ್ರವಾಸಿಯೊಬ್ಬರು ಕನಿಕರದಿಂದ ಕೈಯಾರೆ ಮೇಲಕ್ಕೆ ತಳ್ಳಿದರು. ಹಿಂಡು ಆ ಕರುವನ್ನು ಮರಳಿ ಸೇರಿಸಿಕೊಳ್ಳಲಿಲ್ಲ. ಕರು ಕಾರುಗಳ ಹಿಂದೆ, ಜನರ ಹಿಂದೆ ಅಲೆಯತೊಡಗಿತು. ಕೊನೆಗೆ ಅದನ್ನು ಕೊಲ್ಲದೆ ಬೇರೆ ದಾರಿ ಉಳಿಯಲಿಲ್ಲ.

ಇನ್ನೊಂದು ಘಟನೆಯನ್ನು ನಿಮ್ಮ ವಯಸ್ಸಿನವರಿಗೆ ಹೇಳಲೇಬೇಕು. 2000ದ ಆಗಸ್ಟ್ ತಿಂಗಳು. ಉದ್ಯಾನದಲ್ಲಿ ಬೇಸಿಗೆಯ ಕೆಲಸಕ್ಕೆ ಬಂದಿದ್ದ ಯುವಜನರ ಗುಂಪೊಂದು ರಾತ್ರಿ ಹೊಳೆಯಲ್ಲಿ ಈಜಿ ಕತ್ತಲಲ್ಲಿ ಹಿಂದಿರುಗುತ್ತಿತ್ತು. ಎದುರಿಗೆ ಕಂಡದ್ದನ್ನು ಸಣ್ಣ ತೊರೆಯೆಂದು ತಿಳಿದು ಮೂವರು ಹಾರಿದರು. ಅದು ಸುಡುನೀರಿನ ಕೊಳ. ಇಪ್ಪತ್ತು ವರ್ಷದ ಯುವತಿ ಪ್ರಾಣ ಕಳೆದುಕೊಂಡಳು, ಇಬ್ಬರು ತೀವ್ರವಾಗಿ ಸುಟ್ಟುಕೊಂಡರು. ಅವರು ಹೊಸಬರಲ್ಲ, ತಿಂಗಳುಗಟ್ಟಲೆ ಅಲ್ಲೇ ಇದ್ದವರು. ಪರಿಚಯವಾದ ಜಾಗ ಅಪಾಯವಿಲ್ಲದ ಜಾಗ ಎಂದು ಮನಸ್ಸು ನಂಬಿಬಿಡುತ್ತದೆ. ನೆಲಕ್ಕೆ ನಮ್ಮ ಪರಿಚಯವಿರುವುದಿಲ್ಲ.

ನಿಸರ್ಗವು ಹೋಟೆಲಿನ ವೇಳಾಪಟ್ಟಿಯನ್ನೂ ಗೌರವಿಸುವುದಿಲ್ಲ. 1959ರ ಆಗಸ್ಟ್ 17ರ ನಡುರಾತ್ರಿಯ ಹೊತ್ತಿಗೆ ಆದ ಭೂಕಂಪದಲ್ಲಿ ಇದೇ ಹೋಟೆಲಿನ ಊಟದ ಮನೆಯ ಹೊಗೆಗೂಡು ಕುಸಿದು ಒಳಗೆ ಬಿತ್ತು. ಊಟದ ವೇಳೆ ಕಳೆದಿದ್ದರಿಂದ ಅನಾಹುತ ತಪ್ಪಿತು. 1988ರ ಬೇಸಿಗೆಯಲ್ಲಿ ಉದ್ಯಾನದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಪ್ರದೇಶವನ್ನು ಕಾಳ್ಗಿಚ್ಚು ವ್ಯಾಪಿಸಿತು. ಸೆಪ್ಟೆಂಬರ್ 7ರಂದು ಬೆಂಕಿ ಹೋಟೆಲಿನ ಸಮೀಪಕ್ಕೇ ಬಂದಾಗ ಛಾವಣಿಯ ಮೇಲೆ ನೀರು ಚಿಮುಕಿಸುತ್ತ ಮರದ ಆ ಕಟ್ಟಡವನ್ನು ಉಳಿಸಿಕೊಂಡರು. 2022ರ ಜೂನ್ 13ರಂದು ಪ್ರವಾಹ ರಸ್ತೆಗಳನ್ನೇ ಕೊಚ್ಚಿಕೊಂಡು ಹೋಗಿ, ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿಗಳನ್ನು ಹೊರಗೆ ಕಳುಹಿಸಬೇಕಾಯಿತು. ಇಂತಹ ದಿನಗಳಲ್ಲಿ ಅತಿಥಿಗಳ ಪೆಟ್ಟಿಗೆ ಹೊರುವವರು, ಗಾಬರಿಗೊಂಡವರಿಗೆ ಧೈರ್ಯ ಹೇಳುವವರು ಇದೇ ಹಂಗಾಮಿ ಕೆಲಸಗಾರರು.

ಆಗಸ್ಟ್ 25ರಂದು ಅಲ್ಲಿ ಕ್ರಿಸ್‌ಮಸ್ ಆಚರಿಸುತ್ತಾರೆ. ನಿಜವಾದ ಕ್ರಿಸ್‌ಮಸ್ ಬರುವ ಹೊತ್ತಿಗೆ ಈ ಗೆಳೆಯರೆಲ್ಲ ಚದುರಿಹೋಗಿರುತ್ತಾರೆ, ಅದಕ್ಕೇ ಮುಂಗಡ ಹಬ್ಬ. ಆ ವೇಳೆಗೆ ಕಾಲೇಜುಗಳು ತೆರೆಯುತ್ತವೆ, ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಹೊರಡುತ್ತಾರೆ. ಉಳಿದ ಕೆಲಸ ಹಿರಿಯರ ಹೆಗಲಿಗೆ ಬೀಳುತ್ತದೆ. ಅಕ್ಟೋಬರಿನಲ್ಲಿ ನೀರಿನ ಕೊಳವೆಗಳನ್ನು ಬರಿದು ಮಾಡಿ ಬಾಗಿಲು ಹಾಕುತ್ತಾರೆ. ಕೊಳವೆಯಲ್ಲಿ ನೀರು ಉಳಿದರೆ ಅದು ಹೆಪ್ಪುಗಟ್ಟಿ ಹಿಗ್ಗಿ ಕೊಳವೆಯನ್ನೇ ಒಡೆಯುತ್ತದೆ. ಏಕೆಂದು ನಿಮಗೆ ಗೊತ್ತಿದೆ.

ಇಷ್ಟು ದೂರದ ಊರಿನ ಎಂಜಲು ತಟ್ಟೆಯ ಸಮಾಚಾರ ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ನಾಡಿನಲ್ಲೂ ಬಂಡೀಪುರವಿದೆ, ನಾಗರಹೊಳೆಯಿದೆ, ಅವುಗಳ ಆಸುಪಾಸಿನಲ್ಲಿ ವಸತಿಗೃಹಗಳಿವೆ. ಕಾಡು ಹಾದುಹೋಗುವ ರಸ್ತೆಗಳಲ್ಲಿ ವಾಹನ ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು, ಬಾಳೆಹಣ್ಣು ಎಸೆಯುವವರನ್ನು ನೀವೂ ಕಂಡಿದ್ದೀರಿ. ಪುಣ್ಯದ ಕೆಲಸವೆಂದೇ ಅವರು ಭಾವಿಸಿರುತ್ತಾರೆ. ಕಾಡಿನ ಕಾಯಿ ಹಣ್ಣು ಬಿಟ್ಟು ಟಾರು ರಸ್ತೆಗೆ ಬಂದು ಕೂತ ಮಂಗ ಚಕ್ರದಡಿಗೆ ಸಿಕ್ಕಿದಾಗ ಆ ಪುಣ್ಯ ಯಾರ ಲೆಕ್ಕಕ್ಕೆ ಹೋಗುತ್ತದೆಂದು ಯೋಚಿಸಬೇಕು. ಯೆಲ್ಲೋಸ್ಟೋನಿನವರು ಈ ಪಾಠ ಕಲಿಯಲು ನೂರು ವರ್ಷ ತೆಗೆದುಕೊಂಡರು, ಅದಕ್ಕೆ ಕರಡಿಗಳು ಬೆಲೆ ತೆತ್ತವು. ನಾವು ಅವರನ್ನು ನೋಡಿಯೇ ಕಲಿಯಬಹುದು.

ಕಾಡನ್ನು ಉಳಿಸುವುದೆಂದರೆ ಕೋವಿ ಹಿಡಿದು ಗಸ್ತು ತಿರುಗುವುದು, ಇಲ್ಲವೇ ದೊಡ್ಡ ಸಂಶೋಧನೆ ಮಾಡುವುದು ಎಂದು ನಾವು ತಿಳಿದಿದ್ದೇವೆ. ಅವೂ ಬೇಕು. ಆದರೆ ದಿನದ ದಿನದ ಕಾವಲು ನಡೆಯುವುದು ಅಡುಗೆಮನೆಯ ಹಿಂಬಾಗಿಲಲ್ಲಿ, ಕಸದ ತೊಟ್ಟಿಯ ಮುಚ್ಚಳದಲ್ಲಿ, ನಾವು ತಿಂದು ಬಿಸಾಡುವ ಕಾಗದದ ಪೊಟ್ಟಣದಲ್ಲಿ. ಮುಂದಿನ ಸಲ ಶಾಲೆಯ ಪ್ರವಾಸದಲ್ಲಿ ಯಾವುದಾದರೂ ಅಭಯಾರಣ್ಯಕ್ಕೆ ಹೋದಾಗ ಹುಲಿ ಕಾಣಲಿಲ್ಲವೆಂದು ಬೇಸರಿಸಬೇಡಿ. ಊಟ ಮಾಡಿದ ಮೇಲೆ ಎಲೆ ಎಲ್ಲಿಗೆ ಹೋಯಿತು, ಕಸ ಎಲ್ಲಿಗೆ ಹೋಯಿತು ಎಂದು ವಿಚಾರಿಸಿ. ಅದನ್ನು ಎತ್ತಿಕೊಂಡು ಹೋದವರನ್ನು ಒಂದು ಕ್ಷಣ ಮಾತನಾಡಿಸಿ. ಅವರಿಗೆ ಗೊತ್ತಿರುವ ಕಾಡಿನ ಸಂಗತಿಗಳು ಎಷ್ಟೋ ಇರುತ್ತವೆ.